ನೆಲಕ್ಕೆ ಬಿದ್ದಿದ್ದ ಕೇಬಲ್

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಇವರನ್ನು 'ಕ' ಅನ್ನೋಣ. ಮೂವರ ಎಲೆಕ್ಟ್ರಾನಿಕ್ ಬ್ಯಾಂಡ್‌ನಲ್ಲಿ 9 ವರ್ಷ ಸಿಂಥ್ (ಕೀಬೋರ್ಡ್‌ನಂಥ ಎಲೆಕ್ಟ್ರಾನಿಕ್ ವಾದ್ಯ) ನುಡಿಸಿದವರು. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಮೊದಲ ಭೇಟಿಯಲ್ಲಿ ಬರೀ ದುಡ್ಡಿನ ಲೆಕ್ಕ ಹೇಳಿದರು. ಅಸಲು ವಿಷಯ ಹೊರಬಿದ್ದಿದ್ದು ಎರಡನೇ ಸಲ.

ಕೊನೆಯ ಕಾರ್ಯಕ್ರಮ. ವೇದಿಕೆ ಮೇಲೆ ನಾಬ್ ತಿರುಗಿಸಿದರೆ ಶಬ್ದ ಬದಲಾಗಲಿಲ್ಲ. ಬಗ್ಗಿ ನೋಡಿದರೆ ಅವರ ಸಿಂಥ್‌ನ ಕೇಬಲ್ ನೆಲದ ಮೇಲಿತ್ತು. ಅವರ ಭಾಗವೂ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದು, ಲ್ಯಾಪ್‌ಟಾಪ್‌ನಿಂದಲೇ ಬರುತ್ತಿತ್ತು.

"40 ನಿಮಿಷ ಸುಮ್ನೆ ನುಡಿಸಿದ ಹಾಗೆ ಮಾಡಿದೆ ಮೇಡಂ. ಕೇಳೋಕೆ ಬಂದವರಿಗೆ ಗೊತ್ತಾಗಲಿಲ್ಲ, ಸರಿ. ಪಕ್ಕದಲ್ಲಿದ್ದ ಇಬ್ಬರಿಗೂ ಗೊತ್ತಾಗಲಿಲ್ಲ." ಹೇಳುವಾಗ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದರು.

ಈ ಬಗೆಯ ಬ್ಯಾಂಡ್‌ಗಳಲ್ಲಿ ಒಡಕು ಕಿವಿಗೆ ಬೀಳುವುದಿಲ್ಲ. ಒಬ್ಬರು ದೂರವಾದರೂ ಹಾಡು ಹಾಗೇ ಓಡುತ್ತದೆ. ಇವರಲ್ಲೂ ಎರಡು ವರ್ಷದಿಂದ ಎಲ್ಲರೂ ಮನೆಯಿಂದಲೇ ಫೈಲ್ ಕಳಿಸುತ್ತಿದ್ದರು, ಒಬ್ಬ ಕೂತು ಜೋಡಿಸುತ್ತಿದ್ದ. ಎಲ್ಲ ನಾನೇ ಮಾಡಬೇಕು ಅಂತ ಅವನಿಗೆ ಸಿಟ್ಟು. ನಮ್ಮನ್ನು ಕೇಳೋದೇ ಇಲ್ಲ ಅಂತ ಇವರಿಗೆ ಸಿಟ್ಟು.

1995ರಲ್ಲಿ ಡೆಪೆಷ್ ಮೋಡ್ ಎಂಬ ಬ್ರಿಟಿಷ್ ಎಲೆಕ್ಟ್ರಾನಿಕ್ ಬ್ಯಾಂಡ್ ಬಿಟ್ಟ ಆಲನ್ ವೈಲ್ಡರ್ ಕೂಡ ಕೆಲಸದ ಹಂಚಿಕೆ ಸರಿಯಿಲ್ಲ, ಮಾಡಿದ್ದಕ್ಕೆ ಮನ್ನಣೆಯಿಲ್ಲ ಎಂದಿದ್ದರು. ಇದನ್ನು ಹೇಳಿದೆ. "ಅವರು ಕೂತು ಜೋಡಿಸುವವರು ಮೇಡಂ" ಎಂದು ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನಮ್ಮವನಿಗೂ ಹಾಗೇ ಅನ್ನಿಸಿರಬಹುದು, ಅಲ್ವಾ?" ಎಂದರು. ನಾನು ಉತ್ತರ ಕೊಡಲು ಹೋಗಲಿಲ್ಲ.

ಬ್ಯಾಂಡ್ ಉಳಿಸಿಕೊಳ್ಳಿ ಎಂದೂ ಹೇಳಲಿಲ್ಲ. ಮಧ್ಯರಾತ್ರಿ ಗ್ರೂಪ್‌ನಲ್ಲಿ ಉದ್ದುದ್ದ ಮೆಸೇಜ್ ಹಾಕುವುದು ನಿಲ್ಲಲಿ ಎಂದೆ. ಫೈಲ್ ಜೋಡಿಸುವ ಆ ಗೆಳೆಯನನ್ನು ಎದುರಿಗೆ ಕೂರಿಸಿಕೊಂಡು ಕೇಬಲ್ ವಿಷಯ ಒಂದನ್ನೇ ಕೇಳಿ. ಆ ದಿನ ದುಡ್ಡಿನ ಮಾತು ಬೇಡ. ಅದಕ್ಕೆ ಬೇರೆ ದಿನ, ಬರವಣಿಗೆಯಲ್ಲಿ. ಹಾಡು ಕಟ್ಟಿದ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಹಾಗಾಗಿ ಯಾವ ಹಾಡಿಗೆ ಯಾರು ಏನು ಮಾಡಿದರು ಅಂತ ಈಗಲೇ ಬರೆದಿಡಿ. ಯಾರಾದರೂ ಸಿಟ್ಟಿನಲ್ಲಿ ಫೋಲ್ಡರ್ ಅಳಿಸುವ ಮೊದಲು ಪ್ರತಿ ಭಾಗವನ್ನೂ ಬೇರೆ ಬೇರೆ ಆಡಿಯೋ ಮಾಡಿ ಇಟ್ಟುಕೊಳ್ಳಿ. ಪ್ಲಗಿನ್ (ಶಬ್ದ ಕೊಡುವ ಕಿರು ಸಾಫ್ಟ್‌ವೇರ್) ಹಳೆಯದಾದರೆ ಪ್ರಾಜೆಕ್ಟ್ ಫೈಲ್ ತೆರೆದರೂ ಆ ಶಬ್ದ ಸಿಗದೇ ಹೋಗಬಹುದು.

ಮೂರು ವಾರ ಬಿಟ್ಟು ಬಂದರು. ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್‌ಚೆಕ್‌ನಲ್ಲಿ ಇವರ ಸಿಂಥ್ ಗುಂಯ್ ಅಂತಿತ್ತಂತೆ. ಗೆಳೆಯನೇ ಕೇಬಲ್ ಕಿತ್ತಿದ್ದ, ಹೇಳೋಕೆ ಮರೆತಿದ್ದ.

ಬ್ಯಾಂಡ್ ಒಡೆಯಿತು. ಫೈಲ್‌ಗಳನ್ನು ಮೂವರೂ ಹಂಚಿಕೊಂಡರು. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ.