ಸೇತುವೆ ಮೇಲೆ ಹಡಗು ಬಂದರೆ ಭಾರ ಜಾಸ್ತಿ ಆಗುತ್ತಾ?

ಪ್ರಶ್ನೆ: ಜರ್ಮನಿಯಲ್ಲಿ ನದಿಯ ಮೇಲೆ ಸೇತುವೆ, ಆ ಸೇತುವೆ ಮೇಲೆ ಕಾಲುವೆ, ಕಾಲುವೆಯಲ್ಲಿ ಹಡಗು ಸಾಗುವ ವಿಡಿಯೊ ನೋಡಿದೆ. ಸಾವಿರ ಟನ್ನಿನ ಹಡಗು ಬಂದರೆ ಸೇತುವೆಗೆ ಸಾವಿರ ಟನ್ ಭಾರ ಜಾಸ್ತಿ ಆಗಲೇಬೇಕಲ್ವಾ? ಆಗಲ್ಲ ಅಂತ ಮಗಳು ವಾದ ಮಾಡುತ್ತಾಳೆ. ಯಾರು ಸರಿ?
– ಓದುಗರು, ದಾವಣಗೆರೆ

ಉತ್ತರ: ಮಗಳು ಸರಿ.

ನೀವು ನೋಡಿದ್ದು ಮ್ಯಾಗ್ಡೆಬರ್ಗ್ ಹತ್ತಿರ ಎಲ್ಬೆ ನದಿಯನ್ನು ದಾಟುವ ಸೇತುವೆ ಇರಬೇಕು. 2003ರಲ್ಲಿ ಸಂಚಾರಕ್ಕೆ ತೆರೆದದ್ದು. ಉದ್ದ 918 ಮೀಟರ್, ಅಗಲ 34 ಮೀಟರ್, ನೀರಿನ ಆಳ 4.25 ಮೀಟರ್. ಗುಣಿಸಿ ನೋಡಿ, ಬರೀ ನೀರೇ ಸುಮಾರು 1,32,000 ಟನ್ ತೂಗುತ್ತದೆ! ಹಡಗು ಬರಲಿ ಬಿಡಲಿ, ಆ ಸೇತುವೆ ಇಷ್ಟನ್ನು ಹಗಲೂ ರಾತ್ರಿ ಹೊತ್ತೇ ಇರುತ್ತದೆ.

ಈಗ ಹಡಗಿನ ವಿಷಯ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಇದು ಆರ್ಕಿಮಿಡೀಸ್ ಕಂಡುಕೊಂಡ ನಿಯಮ, ಶಾಲೆಯಲ್ಲಿ ನಾವೆಲ್ಲ ಓದಿದ್ದೇ. ಸಾವಿರ ಟನ್ನಿನ ಹಡಗು ಸಾವಿರ ಟನ್ ನೀರಿನ ಜಾಗ ಹಿಡಿಯುತ್ತದೆ. ಹಾಗಾಗಿ ಹಡಗು ಸೇತುವೆಯೊಳಗೆ ಬರುತ್ತಿದ್ದ ಹಾಗೆ ಅಷ್ಟೇ ನೀರು ಸೇತುವೆಯಿಂದ ಆಚೆಗೆ, ಎರಡೂ ಕಡೆಯ ಕಾಲುವೆಗೆ ಸರಿದು ಹೋಗುತ್ತದೆ. ಬಂದದ್ದು ಸಾವಿರ ಟನ್, ಹೋದದ್ದೂ ಸಾವಿರ ಟನ್. ಮನೆಯಲ್ಲೇ ನೋಡಬಹುದು: ಬಕೆಟ್ಟಿನ ಅಂಚಿನವರೆಗೆ ನೀರು ತುಂಬಿಸಿ ತೂಗಿ, ಆಮೇಲೆ ಒಂದು ಚೊಂಬನ್ನು ಮೆಲ್ಲಗೆ ತೇಲಿಬಿಡಿ, ಚೆಲ್ಲಿದ ನೀರನ್ನು ಒರೆಸಿ ಮತ್ತೆ ತೂಗಿ. ತಕ್ಕಡಿ ಮೊದಲಿನ ತೂಕವನ್ನೇ ತೋರಿಸುತ್ತದೆ.

ಆದರೆ ಹಡಗಿನ ಕೆಳಗಿರುವ ಜಾಗಕ್ಕಾದರೂ ಭಾರ ಬೀಳಬೇಕಲ್ಲ ಅನ್ನಿಸಬಹುದು. ಅದೂ ಇಲ್ಲ. ನಿಂತ ನೀರಿನ ತಳದಲ್ಲಿ ಒತ್ತಡ ಎಷ್ಟು ಅನ್ನುವುದು ನೀರಿನ ಮಟ್ಟದಿಂದ ತಳ ಎಷ್ಟು ಕೆಳಗಿದೆ ಅನ್ನುವುದರ ಮೇಲೆ ನಿಂತಿದೆ. 4.25 ಮೀಟರ್ ಆಳ ಅಂದರೆ ಪ್ರತಿ ಚದರ ಮೀಟರಿಗೆ 4.25 ಟನ್. ಮೇಲೆ ಹಡಗು ನಿಂತಿದ್ದರೂ ಅಷ್ಟೇ, ಬಾತುಕೋಳಿ ಈಜುತ್ತಿದ್ದರೂ ಅಷ್ಟೇ.

ಸರಿದ ನೀರಿನಿಂದ ಮಟ್ಟ ಏರುವುದಿಲ್ಲವಾ ಅಂದರೆ, ಏರುತ್ತದೆ, ಕೂದಲೆಳೆಯಷ್ಟು. ಎರಡು ಗೇಟುಗಳ ನಡುವಿನ ಕಾಲುವೆ 10 ಕಿಲೋಮೀಟರ್ ಉದ್ದ, 40 ಮೀಟರ್ ಅಗಲ ಇದೆ ಅಂದುಕೊಳ್ಳಿ, ಅದರೊಳಗೆ ಈ ಹಡಗು ಬಂದಾಗ ಮಟ್ಟ ಏರುವುದು ಎರಡೂವರೆ ಮಿಲಿಮೀಟರ್. ಅದೂ ಹಡಗು ಆ ಕಾಲುವೆಯಲ್ಲಿ ಎಲ್ಲೇ ಇದ್ದರೂ ಅಷ್ಟೇ ಇರುತ್ತದೆ, ಸೇತುವೆಗೆ ಬಂದಾಗ ಮಾತ್ರ ಆಗುವುದಲ್ಲ. ಚಲಿಸುವ ಹಡಗು ಅಲೆ ಎಬ್ಬಿಸುತ್ತದೆ, ಸುತ್ತ ನೀರು ಸ್ವಲ್ಪ ತಗ್ಗುತ್ತದೆ, ನಿಜ. ಅದಕ್ಕೇ ಇಂಥ ಜಾಗದಲ್ಲಿ ನಿಧಾನವಾಗಿ ಹೋಗಬೇಕು.

ನನಗೆ ತುಂಬಾ ಇಷ್ಟವಾದ ಉದಾಹರಣೆ ವೇಲ್ಸ್‌ನ ಪೊಂಟ್‌ಕಸಲ್ತೆ ಸೇತುವೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿದ್ದು, 1805ರಲ್ಲಿ ಮುಗಿಯಿತು. ಡೀ ನದಿಯಿಂದ 38 ಮೀಟರ್ ಎತ್ತರದಲ್ಲಿ ಕಲ್ಲಿನ ಕಂಬಗಳು, ಅವುಗಳ ಮೇಲೆ 307 ಮೀಟರ್ ಉದ್ದದ ಎರಕದ ಕಬ್ಬಿಣದ ತೊಟ್ಟಿ. ಆಗ ದೋಣಿಯನ್ನು ಕುದುರೆ ಎಳೆಯುತ್ತಿತ್ತು. ಕುದುರೆ ನಡೆಯುವ ದಾರಿಯನ್ನು ತೊಟ್ಟಿಯ ಒಂದು ಪಕ್ಕದಲ್ಲಿ ನೀರಿನ ಮೇಲೆಯೇ ಚಾಚಿದ್ದಾರೆ, ದೋಣಿ ಸರಿಸಿದ ನೀರಿಗೆ ಆ ದಾರಿಯ ಅಡಿಯಲ್ಲಿ ಹಾದುಹೋಗಲು ಜಾಗ ಸಿಗಲಿ ಅಂತ. ಎಂಥ ಯೋಚನೆ! ಇನ್ನೊಂದು ಗಮನಿಸಿ, ಸರಕು ತುಂಬಿದ ದೋಣಿ ಆ ಸೇತುವೆಗೆ ಒಂದು ಕಿಲೋ ಭಾರವನ್ನೂ ಸೇರಿಸುತ್ತಿರಲಿಲ್ಲ, ಅದನ್ನು ಎಳೆಯುವ ಕುದುರೆ ಸೇರಿಸುತ್ತಿತ್ತು. ಕುದುರೆ ತೇಲುವುದಿಲ್ಲವಲ್ಲ, ಅದರ ಪೂರ್ತಿ ತೂಕ ಕಟ್ಟಡದ ಮೇಲೇ ಬೀಳುತ್ತದೆ.

ಹಡಗು ಮುಳುಗಿದರೆ ಮಾತ್ರ ಲೆಕ್ಕ ಬೇರೆ. ಸಾವಿರ ಟನ್ ಕಲ್ಲು ತುಂಬಿದ್ದ ಹಡಗು ತಳಕ್ಕೆ ಹೋಯಿತು ಅನ್ನಿ. ತೇಲುವಾಗ ಆ ಕಲ್ಲಿಗಾಗಿ ಸಾವಿರ ಟನ್ ನೀರು ಜಾಗ ಬಿಟ್ಟಿತ್ತು, ಮುಳುಗಿದ ಮೇಲೆ ಕಲ್ಲು ತನ್ನ ಗಾತ್ರದಷ್ಟು ಮಾತ್ರ, ಅಂದರೆ ಸುಮಾರು 400 ಟನ್ ನೀರಿನ ಜಾಗ ಹಿಡಿಯುತ್ತದೆ, ಉಳಿದ ಜಾಗಕ್ಕೆ ನೀರು ವಾಪಸ್ ಬರುತ್ತದೆ. ಸೇತುವೆಗೆ 600 ಟನ್ ಹೆಚ್ಚುವರಿ, ಅದೂ ಒಂದೇ ಕಡೆ.

ಪ್ರಶ್ನೆ: ಎರಡೂ ಕಡೆ ಗೇಟು ಮುಚ್ಚಿದ್ದರೆ?
– ಓದುಗರು, ಧಾರವಾಡ

ಉತ್ತರ: ಗೇಟು ಮುಚ್ಚಿದ ಮೇಲೆ ಕ್ರೇನಿನಿಂದ ದೋಣಿ ಇಳಿಸಿದರೆ ಅದರ ಪೂರ್ತಿ ತೂಕ ಸೇತುವೆಗೆ ಬೀಳುತ್ತದೆ, ನೀರು ಹೊರಗೆ ಹೋಗಲು ದಾರಿಯೇ ಇಲ್ಲವಲ್ಲ. ದೋಣಿ ಮೊದಲೇ ತೇಲಿ ಬಂದು ಆಮೇಲೆ ಮುಚ್ಚಿದರೆ, ನೀರಿನ ಮಟ್ಟ ಅಷ್ಟೇ ಇದ್ದರೆ, ತೂಕವೂ ಅಷ್ಟೇ. ಸ್ಕಾಟ್ಲೆಂಡಿನ ಫಾಲ್ಕರ್ಕ್ ಚಕ್ರ ನಡೆಯುವುದೇ ಇದರಿಂದ. 2002ರಲ್ಲಿ ಶುರುವಾದ ಆ ಯಂತ್ರ ಎರಡು ದೊಡ್ಡ ನೀರಿನ ತೊಟ್ಟಿಗಳನ್ನು ತಿರುಗಿಸಿ ದೋಣಿಗಳನ್ನು 24 ಮೀಟರ್ ಎತ್ತುತ್ತದೆ. ಒಂದರಲ್ಲಿ ದೋಣಿ ಇದ್ದು ಇನ್ನೊಂದರಲ್ಲಿ ಬರೀ ನೀರಿದ್ದರೂ ಎರಡೂ ಸಮ ತೂಗುತ್ತವೆ, ಅದಕ್ಕೇ ಕರೆಂಟ್ ಬಹಳ ಕಡಿಮೆ ಸಾಕು.

ಪ್ರಶ್ನೆ: ಹರಿಯುವ ನೀರು ನಿಂತ ನೀರಿಗಿಂತ ಹಗುರವಾ? ಹಂಪಿಯ ಕಲ್ಲಿನ ಕಾಲುವೆ ನೋಡಿದಾಗಿನಿಂದ ಈ ಪ್ರಶ್ನೆ ಇದೆ.
– ಓದುಗರು, ಗಂಗಾವತಿ

ಉತ್ತರ: ಹಗುರ ಅಲ್ಲ. ಒಂದು ಘನ ಮೀಟರ್ ನೀರು ಹರಿದರೂ ನಿಂತರೂ ಒಂದು ಟನ್ನೇ. ಹಂಪಿಯಲ್ಲಿ ಕಲ್ಲಿನ ಕಂಬಗಳ ಮೇಲಿನ ಕಾಲುವೆಯಲ್ಲಿ ಒಂದಡಿ ನೀರು ಹರಿದರೆ ಚದರ ಮೀಟರಿಗೆ ಸುಮಾರು 300 ಕಿಲೋ, ಅದಕ್ಕಿಂತ ಆ ಕಲ್ಲಿನ ತೂಕವೇ ಜಾಸ್ತಿ ಇರಬಹುದು. ನೀವು ನೋಡಬೇಕಾದ್ದು ಆಳವನ್ನು. ಕಂಬಗಳ ಮೇಲೆ ಹೋಗುವ ನೀರಾವರಿ ಕಾಲುವೆಯಲ್ಲಿ ಕಳೆ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ನೀರು ನಿಧಾನವಾಗುತ್ತದೆ, ಮೇಲಿಂದ ಅಷ್ಟೇ ನೀರು ಬರುತ್ತಿರುವುದರಿಂದ ಮಟ್ಟ ಏರುತ್ತದೆ. ತಳದ ಭಾರ ಆಳದ ಜೊತೆ ಹೆಚ್ಚುತ್ತದೆ, ಗೋಡೆಯನ್ನು ಹೊರಗೆ ತಳ್ಳುವ ಬಲ ಇನ್ನೂ ಬೇಗ ಹೆಚ್ಚುತ್ತದೆ, ಆಳ ಎರಡರಷ್ಟಾದರೆ ಅದು ನಾಲ್ಕರಷ್ಟಾಗುತ್ತದೆ. ನಿಮ್ಮ ಊರಿನ ಕಾಲುವೆಯಲ್ಲಿ ಹೀಗೆ ಕಸ ಕಟ್ಟಿರುವುದು ಕಂಡರೆ ದಯವಿಟ್ಟು ನೀರಾವರಿ ಇಲಾಖೆಯವರಿಗೆ ತಿಳಿಸಿ.