ಗಡಿಗೆಯ ಮೊಸರೂ ಔಷಧಿ ಅಂಗಡಿಯ ಪೊಟ್ಟಣವೂ

ಪ್ರಶ್ನೆ: ಡಾಕ್ಟರೇ, ನಮ್ಮ ಐದು ವರ್ಷದ ಮಗನಿಗೆ ಕಿವಿ ಸೋರುತ್ತಿತ್ತು. ವೈದ್ಯರು ಏಳು ದಿನದ ಆ್ಯಂಟಿಬಯೋಟಿಕ್ ಬರೆದರು, ಜೊತೆಗೆ ಪ್ರೊಬಯೋಟಿಕ್ ಪುಡಿಯ ಪೊಟ್ಟಣಗಳನ್ನೂ ಕೊಟ್ಟರು. ಅದೇ ವಾರ ಪಶುವೈದ್ಯರು ನಮ್ಮ ಹಸುವಿಗೆ ಯೀಸ್ಟ್ ಪುಡಿ ಕೊಟ್ಟು ಹೋದರು. ‘ಗಡಿಗೆ ತುಂಬ ಮೊಸರಿದೆ, ದುಡ್ಡು ಯಾಕೆ ದಂಡ’ ಎನ್ನುತ್ತಾರೆ ನಮ್ಮ ಅತ್ತೆ. ಅವರ ಮಾತು ಸರಿಯೇ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಅತ್ತೆಯವರ ಮಾತು ಅರ್ಧ ಸರಿ. ನಾನು ಪಶುವೈದ್ಯ, ಹಸುವಿನ ಹೊಟ್ಟೆಯಿಂದ ಶುರುಮಾಡಿ ಮನುಷ್ಯರ ಕರುಳಿನ ಅಧ್ಯಯನಕ್ಕೆ ಬಂದವನು. ಹಾಗಾಗಿ ಎರಡು ಪುಡಿಗಳ ಬಗ್ಗೆಯೂ ಮಾತನಾಡುವ ಧೈರ್ಯ ಮಾಡುತ್ತೇನೆ.

ಮೊದಲು ಮೊಸರು. ಹೆಪ್ಪು ಹಾಕಿದ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಇರುತ್ತವೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರಿಗೆ ಮೊಸರು ಒಗ್ಗುವುದು ಅವುಗಳಿಂದಲೇ. ಹಾಲಿನ ಸಕ್ಕರೆಯನ್ನು ಅವು ಒಡೆದುಕೊಡುತ್ತವೆ. ಇದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ 2010ರಲ್ಲಿ ಒಪ್ಪಿಕೊಂಡಿದೆ. ಆದರೆ 2001ರಲ್ಲಿ ಅರ್ಜೆಂಟೀನಾದ ಕಾರ್ಡೋಬಾದಲ್ಲಿ ಸೇರಿದ ತಜ್ಞರು ಪ್ರೊಬಯೋಟಿಕ್‌ಗೆ ಕೊಟ್ಟ ಅರ್ಥ ಬಿಗಿಯಾದದ್ದು: ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ, ತೆಗೆದುಕೊಂಡವರ ಆರೋಗ್ಯಕ್ಕೆ ಲಾಭ ಮಾಡುವ ಜೀವಂತ ಸೂಕ್ಷ್ಮಜೀವಿ. ಯಾವ ತಳಿ, ಎಷ್ಟು, ಯಾವ ತೊಂದರೆಗೆ ಎಂಬ ಮೂರಕ್ಕೂ ಉತ್ತರ ಬೇಕು. ನಿಮ್ಮ ಮನೆಯ ಹೆಪ್ಪು ಅತ್ತೆಯವರ ತವರಿನಿಂದ ಬಂದಿರಬಹುದು, ಪಕ್ಕದ ಮನೆಯ ಲೋಟದಿಂದಲೂ ಬಂದಿರಬಹುದು. ಅದರಲ್ಲಿ ಯಾರು ಯಾರಿದ್ದಾರೆ ಎಂದು ಯಾರೂ ಎಣಿಸಿಲ್ಲ. ಒಳ್ಳೆಯ ಆಹಾರ, ನಿಜ. ಔಷಧ ಎನ್ನುವ ಹಾಗಿಲ್ಲ.

ಆ್ಯಂಟಿಬಯೋಟಿಕ್‌ನಿಂದ ಮಕ್ಕಳಿಗೆ ಆಗುವ ಭೇದಿಯ ವಿಷಯದಲ್ಲಿ ಪೊಟ್ಟಣದ ಪರವಾಗಿ ಪುರಾವೆ ಇದೆ. 2019ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆ 33 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಪ್ರೊಬಯೋಟಿಕ್ ಪಡೆದ ನೂರು ಮಕ್ಕಳಲ್ಲಿ ಎಂಟು ಮಂದಿಗೆ ಭೇದಿಯಾಗಿತ್ತು, ಪಡೆಯದವರಲ್ಲಿ ಹತ್ತೊಂಬತ್ತು ಮಂದಿಗೆ. ದಿನಕ್ಕೆ 500 ಕೋಟಿಗಿಂತ ಹೆಚ್ಚು ಜೀವಾಣುಗಳು ಹೊಟ್ಟೆಗೆ ಹೋದಾಗ ಪರಿಣಾಮ ಚೆನ್ನಾಗಿತ್ತು. ಹೆಚ್ಚು ಪರೀಕ್ಷೆಗೆ ಒಳಗಾದ ಹೆಸರುಗಳು ಎರಡು: ‘ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ’ ಮತ್ತು ‘ಸ್ಯಾಕರೋಮೈಸಿಸ್ ಬೌಲಾರ್ಡಿ’. ಪೊಟ್ಟಣವನ್ನು ತಿರುಗಿಸಿ ಓದಿ. ಎರಡನೆಯದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್; ಆದ್ದರಿಂದ ಆ್ಯಂಟಿಬಯೋಟಿಕ್ ಅದನ್ನು ಕೊಲ್ಲುವುದಿಲ್ಲ. ಮೊದಲನೆಯದಾದರೆ ಎರಡು ಔಷಧಿಗಳ ನಡುವೆ ಎರಡು ಗಂಟೆ ಅಂತರ ಬಿಡಿ.

ಹಾಗೆಂದು ಔಷಧಿ ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಡಿ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ವಯಸ್ಕರ ಮೇಲೆ ನಡೆಸಿದ ಅಧ್ಯಯನದಲ್ಲಿ, ಆ್ಯಂಟಿಬಯೋಟಿಕ್ ನಂತರ ಹಲವು ತಳಿಗಳ ಮಿಶ್ರಣ ಸೇವಿಸಿದವರ ಸ್ವಂತ ಬ್ಯಾಕ್ಟೀರಿಯಾಗಳು ಮರಳಿ ನೆಲೆಯೂರಲು, ಏನನ್ನೂ ಸೇವಿಸದವರಿಗಿಂತ ಹೆಚ್ಚು ಕಾಲ ಹಿಡಿಯಿತು. ಬಂದ ನೆಂಟರು ಮನೆಯವರನ್ನೇ ಜಗಲಿಯ ಮೇಲೆ ಕೂರಿಸಿದ ಹಾಗೆ. ಇನ್ನು ಸೋಂಕಿನಿಂದ ಬರುವ ಮಾಮೂಲಿ ವಾಂತಿ ಭೇದಿಗೆ ಈ ಪುಡಿಗಳನ್ನು ನೆಚ್ಚಬೇಡಿ. ಅಮೆರಿಕ ಮತ್ತು ಕೆನಡಾದಲ್ಲಿ 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಲಾಭ ಕಾಣಲಿಲ್ಲ. ಅಲ್ಲಿ ಜೀವ ಉಳಿಸುವುದು ಓಆರ್‌ಎಸ್, ಅದರ ಜೊತೆಗೆ ಸತುವಿನ ಮಾತ್ರೆ.

ಈಗ ಹಸುವಿನ ಮಾತು. ಮದುವೆ ಮನೆಯ ಹಿತ್ತಲಿನಲ್ಲಿ ಸುರಿದ ಅನ್ನವನ್ನು ರಾತ್ರಿಯೆಲ್ಲ ತಿಂದ ಹಸುವೊಂದನ್ನು ನೋಡಲು ಹೋಗಿದ್ದೆ. ಮೆಲುಕು ನಿಂತಿತ್ತು, ಎಡ ಮಗ್ಗುಲು ತುಂಬಿಕೊಂಡಿತ್ತು, ಸಗಣಿ ನೀರಾಗಿತ್ತು. ಬಾಯಿಗೆ ನಳಿಕೆ ಇಳಿಸಿದರೆ ಕೊಟ್ಟಿಗೆಯೆಲ್ಲ ಹುಳಿ ವಾಸನೆ. ಮೊದಲ ಹೊಟ್ಟೆಯಲ್ಲಿ ಅನ್ನವೆಲ್ಲ ಲ್ಯಾಕ್ಟಿಕ್ ಆಮ್ಲವಾಗಿ, ಹುಲ್ಲು ಕರಗಿಸುವ ಬ್ಯಾಕ್ಟೀರಿಯಾಗಳು ಸಾಯತೊಡಗಿದ್ದವು. ಆ ಹುಳಿಯಲ್ಲಿ ಸೊಕ್ಕಿ ಬೆಳೆಯುತ್ತಿದ್ದವರು ಯಾರು ಗೊತ್ತೇ? ಗಡಿಗೆಯಲ್ಲಿ ಮೊಸರು ಮಾಡುವ ಲ್ಯಾಕ್ಟೋಬ್ಯಾಸಿಲಸ್‌ಗಳ ದಾಯಾದಿಗಳೇ! ಗಡಿಗೆಯಲ್ಲಿ ಉಪಕಾರಿ, ಹಸುವಿನ ಹೊಟ್ಟೆಯಲ್ಲಿ ಕಂಟಕ. ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂಬ ಜಾಹೀರಾತಿನ ಮಾತು ಕೇಳಿದಾಗಲೆಲ್ಲ ನನಗೆ ಆ ಕೊಟ್ಟಿಗೆಯ ವಾಸನೆ ನೆನಪಾಗುತ್ತದೆ.

ಅಂದು ಕೆಲಸಕ್ಕೆ ಬಂದದ್ದು ಅಡಿಗೆ ಸೋಡಾ, ಡ್ರಿಪ್ಸ್, ಮತ್ತು ಪಕ್ಕದ ಮನೆಯ ಹಸು. ಚೆನ್ನಾಗಿ ಮೆಲುಕು ಹಾಕುತ್ತಿದ್ದ ಅದರ ಹೊಟ್ಟೆಯಿಂದ ನಳಿಕೆಯಲ್ಲಿ ಮೂರು ನಾಲ್ಕು ಲೀಟರ್ ರಸ ತೆಗೆದು, ಬಟ್ಟೆಯಲ್ಲಿ ಸೋಸಿ, ಬಿಸಿ ಆರುವ ಮೊದಲೇ ಇದಕ್ಕೆ ಕುಡಿಸಿದೆವು. ತಡಮಾಡುವ ಹಾಗಿಲ್ಲ, ಅದರಲ್ಲಿರುವ ಜೀವಾಣುಗಳಿಗೆ ಗಾಳಿಯೇ ವಿಷ. ಮೂರನೆಯ ದಿನ ಹಸು ಹುಲ್ಲಿಗೆ ಬಾಯಿ ಹಾಕಿತು. ಇದೂ ಒಂದು ಬಗೆಯ ಹೆಪ್ಪು ಹಾಕುವ ಕೆಲಸವೇ.

ನಿಮಗೆ ಕೊಟ್ಟಿರುವ ಯೀಸ್ಟ್ ಪುಡಿ ಅಷ್ಟು ದೂರ ಹೋಗುವುದಿಲ್ಲ. ಮೊದಲ ಹೊಟ್ಟೆಯಲ್ಲಿ ಅಳಿದುಳಿದ ಆಮ್ಲಜನಕವನ್ನು ಅದು ಹೀರಿಕೊಳ್ಳುತ್ತದೆ, ಲ್ಯಾಕ್ಟಿಕ್ ಆಮ್ಲ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಬೆಂಬಲವಾಗುತ್ತದೆ. ಹಿಂಡಿ, ಬೂಸಾ, ಜೋಳದ ನುಚ್ಚು ಹೆಚ್ಚಾಗಿ ತಿನ್ನುವ, ಹೆಚ್ಚು ಹಾಲು ಕೊಡುವ ಹಸುವಿಗೆ ಇದು ಸ್ವಲ್ಪ ಲಾಭ. ನಾಲ್ಕು ಲೀಟರ್ ಕೊಡುವ, ಹುಲ್ಲು ಮೇಯುವ ನಾಟಿ ಹಸುವಾದರೆ ಆ ದುಡ್ಡಿಗೆ ಒಳ್ಳೆಯ ಮೇವು ತನ್ನಿ.

ಪ್ರಶ್ನೆ: ಇಡ್ಲಿ, ದೋಸೆ, ಅಂಬಲಿ, ಉಪ್ಪಿನಕಾಯಿ ಎಲ್ಲವೂ ಪ್ರೊಬಯೋಟಿಕ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?
– ಓದುಗರು, ಧಾರವಾಡ

ಉತ್ತರ: ಇಡ್ಲಿಯ ಹಿಟ್ಟು ರಾತ್ರಿಯಿಡೀ ಬುಳುಬುಳು ಎಂದು ಉಬ್ಬುವುದು ‘ಲ್ಯೂಕೊನಾಸ್ಟಾಕ್’ನಂಥ ಬ್ಯಾಕ್ಟೀರಿಯಾಗಳಿಂದ. ಬೆಳಿಗ್ಗೆ ಹಬೆಯಲ್ಲಿ ಅವು ಸಾಯುತ್ತವೆ. ಇಡ್ಲಿಗೆ ಅದರಿಂದ ಅವಮಾನವೇನಿಲ್ಲ. ಹುದುಗು ಬಂದಾಗ ಧಾನ್ಯದಲ್ಲಿ ಖನಿಜಗಳನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶ ಕಡಿಮೆಯಾಗಿ ಕಬ್ಬಿಣ, ಸತುವು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ. ಮಜ್ಜಿಗೆ ಹುಳಿಯೂ ಕುದಿದರೆ ಅದೇ ಕಥೆ. ಅಂಬಲಿಯನ್ನು ಹುದುಗಿಸಿ ಕುದಿಸಿದರೆ ಜೀವಾಣುಗಳು ಉಳಿಯುವುದಿಲ್ಲ. ಬೇಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ ಇಟ್ಟರೆ ಇರುತ್ತವೆ. ಮಜ್ಜಿಗೆ ಹಾಕಿಟ್ಟ ತಂಗಳನ್ನದಲ್ಲೂ ಇರುತ್ತವೆ. ಎಣ್ಣೆ, ಖಾರ, ಉಪ್ಪಿನಲ್ಲಿ ಅದ್ದಿದ ನಮ್ಮ ಮಾವಿನಕಾಯಿ ಉಪ್ಪಿನಕಾಯಿಯನ್ನು ಈ ಪಟ್ಟಿಗೆ ಸೇರಿಸುವುದು ಕಷ್ಟ.

ಕರುಳಿನಲ್ಲಿ ಈಗಾಗಲೇ ಇರುವವರಿಗೆ ಊಟ ಹಾಕುವುದು ಇದಕ್ಕಿಂತ ಮುಖ್ಯ. ಕಾಳು, ಸೊಪ್ಪು, ರಾಗಿ, ಜೋಳದ ನಾರನ್ನು ಅವು ಬ್ಯುಟಿರೇಟ್ ಎಂಬ ಆಮ್ಲವಾಗಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಹಸುವಂತೂ ತನ್ನ ಶಕ್ತಿಯ ಬಹುಪಾಲನ್ನು ಇಂಥ ಆಮ್ಲಗಳಿಂದಲೇ ಪಡೆಯುತ್ತದೆ.

ಪ್ರಶ್ನೆ: ಸಣ್ಣ ಕೋಳಿ ಫಾರಂ ಇಟ್ಟಿದ್ದೇನೆ. ಒಂದು ದಿನದ ಮರಿಗಳಿಗೆ ನೀರಿನಲ್ಲಿ ಪ್ರೊಬಯೋಟಿಕ್ ಕೊಡಿ ಎನ್ನುತ್ತಾರೆ. ಪ್ರಯೋಜನವಿದೆಯೇ? ಹುಟ್ಟಿದ ಮಗುವಿಗೂ ಕೊಡಬಹುದೇ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.
– ಓದುಗರು, ದೇವನಹಳ್ಳಿ

ಉತ್ತರ: ಒಳ್ಳೆಯ ಪ್ರಶ್ನೆ, ಏಕೆಂದರೆ ಈ ಕ್ಷೇತ್ರದ ಗಟ್ಟಿ ಫಲಿತಾಂಶಗಳಲ್ಲಿ ಕೆಲವು ಬಂದಿರುವುದು ಹೊಸದಾಗಿ ಹುಟ್ಟಿದವರಲ್ಲೇ. ಬೆಳೆ ತುಂಬಿದ ಹೊಲದಲ್ಲಿ ಎರಚಿದ ಬೀಜ ಬೇರು ಬಿಡುವುದು ಕಷ್ಟ. ಉತ್ತು ಬಿಟ್ಟ ನೆಲದಲ್ಲಿ ಬಿಡುತ್ತದೆ.

1970ರ ದಶಕದ ಆರಂಭದಲ್ಲಿ ಫಿನ್‌ಲೆಂಡಿನ ಕೋಳಿ ಫಾರಂಗಳಲ್ಲಿ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಹಬ್ಬಿತು. ತಾಯಿಕೋಳಿಯ ಕಾವಿನಲ್ಲಿ ಒಡೆದ ಮರಿ ಅವಳ ಹಿಕ್ಕೆಯನ್ನು ಕೆದಕಿ ಕರುಳಿಗೆ ಬೇಕಾದ ಜೀವಾಣುಗಳನ್ನು ಪಡೆಯುತ್ತದೆ. ಇನ್‌ಕ್ಯುಬೇಟರ್ ಮರಿಗೆ ತಾಯಿಯೇ ಇಲ್ಲ. ನುರ್ಮಿ ಮತ್ತು ರಂಟಾಲಾ ಎಂಬ ವಿಜ್ಞಾನಿಗಳು ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ರಸವನ್ನು ಮರಿಗಳಿಗೆ ಕುಡಿಸಿದಾಗ ಸಾಲ್ಮೊನೆಲ್ಲಾಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಇದು ಪ್ರಕಟವಾದದ್ದು 1973ರಲ್ಲಿ.

ಮನುಷ್ಯ ಶಿಶುಗಳಲ್ಲಿ ಇದಕ್ಕೆ ಹತ್ತಿರದ ಪ್ರಯೋಗ ನಡೆದದ್ದು ನಮ್ಮ ಒಡಿಶಾದ ಹಳ್ಳಿಗಳಲ್ಲಿ. ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ನವಜಾತ ಶಿಶುಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಮಂದಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಶುರುಮಾಡಿ ಏಳು ದಿನ ‘ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್’ನ ಒಂದು ನಿರ್ದಿಷ್ಟ ತಳಿಯನ್ನು, ಅದರ ಆಹಾರವಾಗುವ ಒಂದು ಬಗೆಯ ಸಕ್ಕರೆಯೊಂದಿಗೆ ಕೊಟ್ಟಿತು. ರಕ್ತದ ನಂಜು ಅಥವಾ ಸಾವು 9 ಶೇಕಡಾದಿಂದ 5.4ಕ್ಕೆ ಇಳಿಯಿತು. ಇದು 2017ರ ವರದಿ.

ಇದನ್ನು ಓದಿ ಪೊಟ್ಟಣ ಒಡೆದು ಮಗುವಿನ ಬಾಯಿಗೆ ಹಾಕಬೇಡಿ. ಆ ಶಿಶುಗಳೆಲ್ಲ ಎರಡು ಕಿಲೋ ಅಥವಾ ಹೆಚ್ಚು ತೂಕದವರು, ತಾಯಿಹಾಲು ಕುಡಿಯುತ್ತಿದ್ದವರು, ತಳಿಯೂ ಅಂಗಡಿಯದಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರಕ್ತಕ್ಕೆ ಈ ಜೀವಾಣುಗಳೇ ನುಗ್ಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಸಿದೆ. ನೆದರ್ಲೆಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಿದ್ದ ವಯಸ್ಕರಿಗೆ ಆರು ತಳಿಗಳ ಮಿಶ್ರಣ ಕೊಟ್ಟಾಗ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು: 16 ಶೇಕಡಾ, ಕೊಡದವರಲ್ಲಿ 6. ಅದು 2008ರ ವರದಿ. ಮಗುವಿಗೆ ತಾಯಿಯ ಗಿಣ್ಣುಹಾಲು, ಎದೆಹಾಲು. ಉಳಿದದ್ದನ್ನು ಮಕ್ಕಳ ವೈದ್ಯರು ಹೇಳಲಿ.

ಮರಿಗಳಿಗೆ ಕೊಡಿ, ಆದರೆ ಮೊದಲ ದಿನವೇ ಕೊಡಿ. ವಾರ ಕಳೆದ ಮೇಲೆ ಅಷ್ಟು ಫಲವಿಲ್ಲ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವ ಅಭ್ಯಾಸವಿದ್ದರೆ ಅಂದು ಬೋರ್‌ವೆಲ್ಲಿನ ನೀರನ್ನು ನೇರವಾಗಿ ಬೇರೆ ಬಕೆಟ್ಟಿಗೆ ಹಿಡಿದು ಅದರಲ್ಲಿ ಕಲಸಿ. ಕ್ಲೋರಿನ್ ನೀರಿಗೆ ಹಾಕಿದರೆ ಪುಡಿಯಲ್ಲಿರುವ ಜೀವಾಣುಗಳು ಮರಿಯ ಬಾಯಿ ತಲುಪುವ ಮೊದಲೇ ಸತ್ತಿರುತ್ತವೆ.