ಆಗುಂಬೆ ಘಾಟಿ ಇಳಿಯುವಾಗ ಕಾರನ್ನು ಎರಡನೇ ಗೇರಿನಲ್ಲೇ ಇಡಬೇಕೆನ್ನುವುದೇಕೆ, ಬ್ರೇಕ್ ಸಾಲದೇ?

ಸಾಲದು. ಎಡೆಬಿಡದೆ ಒತ್ತಿದ ಬ್ರೇಕ್ ಕಾದು ತನ್ನ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಕೆಳ ಗೇರಿನಲ್ಲಿದ್ದರೆ ವೇಗ ತಡೆಯುವ ಕೆಲಸದ ದೊಡ್ಡ ಪಾಲನ್ನು ಎಂಜಿನ್ ವಹಿಸಿಕೊಳ್ಳುತ್ತದೆ.

ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವುಗಳಲ್ಲಿ ರಸ್ತೆ ಸುಮಾರು 500 ಮೀಟರ್ ಕೆಳಗಿಳಿಯುತ್ತದೆ. ಜನ, ಸಾಮಾನು ಸೇರಿ 1,200 ಕಿಲೋ ತೂಗುವ ಕಾರು ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 18 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಬಹುದು. ಬ್ರೇಕನ್ನೇ ನಂಬಿದರೆ ಆ ಶಾಖದ ಬಹುಪಾಲು ಅಂಗೈಯಗಲದ ಪ್ಯಾಡು, ಡಿಸ್ಕುಗಳಲ್ಲಿ ಸೇರಿಕೊಳ್ಳುತ್ತದೆ. ಮೊದಲು ಸುಟ್ಟ ವಾಸನೆ ಬರುತ್ತದೆ. ಮುಂದೆ, ವರ್ಷಗಳಿಂದ ಬದಲಿಸದೆ ತೇವಾಂಶ ಹೀರಿಕೊಂಡಿರುವ ಬ್ರೇಕ್ ದ್ರವ ಕುದಿದು ಗುಳ್ಳೆಗಳಾದರೆ, ದ್ರವದಂತಲ್ಲದೆ ಗುಳ್ಳೆಗಳು ಅದುಮಿದಷ್ಟೂ ಕುಗ್ಗುವುದರಿಂದ, ಪೆಡಲ್ ಸ್ಪಂಜಿನಂತೆ ತಳ ಮುಟ್ಟಿದರೂ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ.

ಕೆಳ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಅದರ ಪ್ರತಿರೋಧವೇ ಕಾರನ್ನು ಹಿಡಿದಿಡುತ್ತದೆ. ಎಂಜಿನ್ ಜೋರಾಗಿ ಗುರುಗುಟ್ಟಿದರೂ, ಎಂಜಿನ್ ತಿರುಗುವ ವೇಗ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ, ಹೆದರಬೇಕಿಲ್ಲ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ. ಅದು ಶುದ್ಧ ಅವಿವೇಕ, ಏಕೆಂದರೆ ಇಂದಿನ ಕಾರುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ಬಹುತೇಕ ತಾವೇ ನಿಲ್ಲಿಸುತ್ತವೆ.

ಏರಲು ಬೇಕಾಗುವ ಗೇರಿನಲ್ಲೇ ಇಳಿಯುವುದು ರೂಢಿ. ತಿರುವಿಗೆ ಮುನ್ನ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದೊಡನೆ ಪೂರ್ತಿ ಬಿಡಬೇಕು.